ಎರಡು ಟ್ಯಾಂಕರ್ ಬಂದಿದ್ದು ಯಾಕೆ?

ಹೋದ ತಿಂಗಳು ನಮ್ಮ ಬಿಲ್ಡಿಂಗಿಗೆ ಒಂದೇ ಬೆಳಗ್ಗೆ ಎರಡು ಟ್ಯಾಂಕರ್ ನೀರು ಬಂತಲ್ಲ, ಅದು ನಮ್ಮತ್ತೆ ಮಾಡಿದ ಎಡವಟ್ಟು ಅಂತ ಲಿಫ್ಟಲ್ಲಿ ಮಾತಾಡ್ಕೊಂಡಿದ್ದು ನನ್ನ ಕಿವಿಗೂ ಬಿದ್ದಿದೆ. ಬಟನ್ ಒತ್ತಿದ್ದು ಅವರೇ, ಎರಡು ಸಲ. ತಪ್ಪು ಮಾತ್ರ ಆ್ಯಪ್‌ದು. ಒತ್ತಿದ ಮೇಲೆ ಚಕ್ರ ತಿರುಗ್ತಾನೇ ಇದ್ರೆ ಯಾರಾದ್ರೂ ಇನ್ನೊಂದ್ಸಲ ಒತ್ತಲ್ವೇನ್ರೀ?

ಈಗ ಆ್ಯಪ್‌ನೋರು "ಎಲ್ಲಾ ಗ್ರಾಫ್‌ಕ್ಯೂಎಲ್‌ಗೆ ಬದಲಾಯಿಸ್ತೀವಿ, ಸರಿಹೋಗತ್ತೆ" ಅಂತ ಮನೆಮನೆಯಿಂದ ದುಡ್ಡು ಕೇಳ್ತಿದಾರೆ. ನಾನೂ ಹನ್ನೆರಡು ವರ್ಷ ಇದೇ ಕೆಲಸ ಮಾಡಿದೋಳು. ಕೊಡ್ಬೇಡಿ.

ಎಪಿಐ ಅಂದ್ರೆ ದರ್ಶಿನಿ ಕೌಂಟರ್ ಅಂದ್ಕೊಳ್ಳಿ. ಈಗ ನಮ್ಮಲ್ಲಿರೋದು ರೆಸ್ಟ್ (ಮಧ್ಯಾಹ್ನದ ರೆಸ್ಟ್ ಅಲ್ಲ). ರಾಯ್ ಫೀಲ್ಡಿಂಗ್ ಅನ್ನೋರು 2000ದಲ್ಲಿ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದ ಪದ್ಧತಿ. ಪ್ಲೇಟಿಗೆ ಎರಡು ಇಡ್ಲಿ, ಅಷ್ಟೇ. ಎಲ್ಲರೂ ಕೇಳೋದು ಅದನ್ನೇ ಆದ್ರಿಂದ ಮೊದ್ಲೇ ಜೋಡಿಸಿಟ್ಟಿರ್ತಾರೆ, ಬೇಗ ಕೈಗೆ ಸಿಗತ್ತೆ. ಕಷ್ಟ ಏನಂದ್ರೆ ಇಡ್ಲಿಗೊಂದು ಕ್ಯೂ, ಕಾಫಿಗೊಂದು ಕ್ಯೂ. ಗ್ರಾಫ್‌ಕ್ಯೂಎಲ್‌ನಲ್ಲಿ ಒಂದೇ ಚೀಟೀಲಿ ಬೇಕಾದಷ್ಟೇ ಬರೆದುಕೊಟ್ರೆ ಎಲ್ಲಾ ಒಂದೇ ತಟ್ಟೇಲಿ ಬರತ್ತೆ. ಒಳ್ಳೇದೇ, ಇಲ್ಲ ಅನ್ನಲ್ಲ. ಫೇಸ್‌ಬುಕ್‌ನೋರು 2012ರಲ್ಲಿ ತಮ್ಮ ಮೊಬೈಲ್ ಆ್ಯಪ್‌ಗೋಸ್ಕರ ಮಾಡ್ಕೊಂಡು, 2015ರಲ್ಲಿ ಎಲ್ಲರಿಗೂ ಬಿಟ್ರು. ಆದ್ರೆ ಒಬ್ಬೊಬ್ಬರ ಚೀಟಿ ಒಂದೊಂದು ಥರ ಇದ್ರೆ ಮೊದ್ಲೇ ಜೋಡಿಸಿಡೋದು ಕಷ್ಟ. ನಮಗೆ ಬೇಕಾಗಿರೋದೇ ಮೂರು: ಮೇಂಟೆನೆನ್ಸ್, ಗೇಟು, ನೀರು. ಮೂರನ್ನೂ ಒಟ್ಟಿಗೆ ಕೊಡೋ ಕಾಂಬೋ ಪ್ಲೇಟ್ ಒಂದು ಸೇರಿಸಿದ್ರೆ ಸಾಕು.

ಟ್ಯಾಂಕರ್ ಮಾತೇ ಬೇರೆ. ಚೀಟಿ ಹೇಗೇ ಬರೀರಿ, ಟ್ಯಾಂಕರ್‌ನೋನು ಫೋನ್ ನೋಡೋವರೆಗೂ ಉತ್ತರ ಬರಲ್ಲ. ಅಲ್ಲೀವರೆಗೂ ನಮ್ಮನ್ನ ಕೌಂಟರ್ ಮುಂದೆ ನಿಲ್ಲಿಸ್ಕೊಂಡಿರೋದೇ ತಪ್ಪು. ಬನಶಂಕರಿ ಮೆಟ್ರೋ ಹತ್ರ ಆಟೋ ಕರೀತೀವಲ್ಲ, ಆ ನಮ್ಮ ಯಾತ್ರಿ ನೋಡಿ. 2022ರಲ್ಲಿ ನಮ್ಮೂರಲ್ಲೇ ಶುರುವಾಗಿದ್ದು, ಬೆಕನ್ ಅನ್ನೋ ಮುಕ್ತ ಪದ್ಧತಿ ಮೇಲೆ ಕಟ್ಟಿದ್ದು. ಆ ಪದ್ಧತೀಲಿ "ಸರ್ಚ್" ಅಂತ ಕೇಳಿದ್ರೆ ತಕ್ಷಣ "ತಲುಪಿತು" ಅಂತ ಮಾತ್ರ ಹೇಳ್ತಾರೆ. ನಿಜವಾದ ಉತ್ತರ ಆಮೇಲೆ "ಆನ್ ಸರ್ಚ್" ಅಂತ ಬೇರೆಯಾಗಿ ಬರತ್ತೆ. ಕೋರಿಕೆಗೊಂದು ಗುರುತಿನ ನಂಬರ್ ಇರತ್ತೆ. ನಮ್ಮಲ್ಲೂ ಅಂಥ ನಂಬರ್ ಇದ್ದಿದ್ರೆ, ಎರಡನೇ ಸಲ ಒತ್ತಿದ್ದನ್ನ "ಇದು ಹಳೇದೇ" ಅಂತ ಬಿಟ್ಟುಬಿಡಬಹುದಿತ್ತು. ಇದರಲ್ಲೂ ಕೆಲಸ ಜಾಸ್ತಿನೇ, ಯಾವ್ದಕ್ಕೆ ಉತ್ತರ ಬಂತು ಯಾವ್ದಕ್ಕಿಲ್ಲ ಅಂತ ಲೆಕ್ಕ ಇಡ್ತಾ ಇರ್ಬೇಕು. ಟ್ಯಾಂಕರ್ ಒಂದಕ್ಕೆ ಮಾಡ್ಲಿ, ಬಿಲ್ಲು ತೋರಿಸೋಕೆಲ್ಲ ಬೇಡ.

ಭಾನುವಾರದ ಮೀಟಿಂಗಲ್ಲಿ ಇದನ್ನೇ ಕೇಳ್ತೀನಿ. ಎರಡನೇ ಟ್ಯಾಂಕರ್ ದುಡ್ಡು ಅತ್ತೆ ತಮ್ಮ ಪೆನ್ಷನ್ನಿಂದ ಕೊಟ್ಟಿದಾರೆ, ಅದನ್ನೂ ವಾಪಸ್ ಕೇಳ್ತೀನಿ. ನೀವೂ ಬನ್ನಿ.