ನದಿಯ ಆ ತುದಿ

ಆಫೀಸ್ ಕೆಲಸಕ್ಕೆ ಅಂತ ವಿಯೆಟ್ನಾಂನ ಹೋ ಚಿ ಮಿನ್ ಸಿಟಿಗೆ ಹೋದವನು, ಭಾನುವಾರ ರೂಮಲ್ಲಿ ಕೂರೋದ್ಯಾಕೆ ಅಂತ ಮೆಕಾಂಗ್ ಡೆಲ್ಟಾ ಟೂರಿಗೆ ದುಡ್ಡು ಕಟ್ಟಿದೆ. ಸುಮಾರು 70 ಕಿ.ಮೀ. ದೂರದ ಮೀ ಥೋವರೆಗೆ ಬಸ್ಸು, ಆಮೇಲೆ ದೋಣಿ. ಜೇನು ಹಾಕಿದ ಟೀ, ಬೆನ್ ತ್ರೆಯ ತೆಂಗಿನ ಮಿಠಾಯಿ, ತಲೆಗೊಂದು ಎಲೆ ಟೋಪಿ, ಫೋಟೋ... ಸಂಜೆಗೆ ವಾಪಸ್.

ಇಂಥ ಟೂರುಗಳನ್ನ ಬೈಯೋದು ಸುಲಭ. ನಾನು ಬೈಯಲ್ಲ. ಮಿಠಾಯಿ ಮೆಲ್ಲುತ್ತಾ ಗೈಡ್‌ನ ಮಾತಿಗೆಳೆದೆ. ಬೇಸಿಗೆಯಲ್ಲಿ ಸಮುದ್ರದ ಉಪ್ಪುನೀರು ನದಿಯೊಳಗೇ ನುಗ್ಗುತ್ತಂತೆ. 2016ರಲ್ಲಿ, ಮತ್ತೆ 2020ರಲ್ಲಿ ಗದ್ದೆಗಳೇ ಹಾಳಾದವು, ಕುಡಿಯೋ ನೀರಿಗೂ ಪರದಾಟ. ಬರಗಾಲ ಒಂದು ಕಾರಣ, ಮೇಲಿನ ದೇಶಗಳ ಅಣೆಕಟ್ಟುಗಳು ಇನ್ನೊಂದು ಅಂದ.

"ನಿಮ್ಮೂರಲ್ಲೂ ನದಿ ಇದೆಯಾ?" ಅಂತ ಕೇಳಿದ. ನಾನು ಮಂಡ್ಯದವನು! ಕೆಆರ್‌ಎಸ್ ನೀರಲ್ಲಿ ಬೆಳೆದ ಭತ್ತ ಉಂಡವನು, ಕಾವೇರಿ ಬಂದ್‌ನಲ್ಲಿ ಘೋಷಣೆ ಕೂಗಿದವನು. "ಇದೆ, ನಾವು ಮೇಲಿನವರು" ಅಂದೆ. ಅವನು ಸುಮ್ಮನೆ ನಕ್ಕ.

ನಮ್ಮ ಬೇಡಿಕೆ ತಪ್ಪು ಅಂತ ಈಗಲೂ ಅನ್ನಲ್ಲ. ಆದ್ರೆ ಮೆಕಾಂಗ್‌ನ ಕೊನೆ ನೋಡಿದ ನಾನು ತಂಜಾವೂರಿನ ಗದ್ದೆ ಒಮ್ಮೆಯೂ ನೋಡಿಲ್ವಲ್ಲ? ಜಗಳ ಆಡೋ ಮೊದಲು ನದಿಯ ಆ ತುದಿಗೂ ಒಂದು ದಿನ ಹೋಗಿಬರಬೇಕು.

ಮುಂದಿನ ರಜೆಗೆ ಅಲ್ಲಿಗೇ. ಯಾರ್ಯಾರು ಬರ್ತೀರಿ?