ಮೌನವು ಸಮ್ಮತಿಯೇ?

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತನ್ನು ಹಿರಿಯರು ಮದುವೆಯ ಮಾತುಕತೆಯಲ್ಲಿ ಆಡುತ್ತಿದ್ದರು. ಈಗ ಅದು ಅಂಗಡಿಗೂ ಬಂದಿದೆ.

ಕಳೆದ ವರ್ಷ ಅರ್ಥಶಾಸ್ತ್ರದ ಪುಸ್ತಕವೊಂದನ್ನು ಮೊಬೈಲಿನ ಮೂಲಕ ತರಿಸಿದೆ. ಹಣ ಕೊಡುವ ಪುಟದ ತಳದಲ್ಲಿ ‘೩೦ ದಿನ ಉಚಿತ ಸದಸ್ಯತ್ವ’ ಎಂದಿತ್ತು. ಎದುರಿನ ಚೌಕದಲ್ಲಿ ಒಪ್ಪಿಗೆಯ ಗುರುತು ಮೊದಲೇ ಬಿದ್ದಿತ್ತು. ನಾನು ಪುಸ್ತಕದ ಬೆಲೆಯನ್ನಷ್ಟೇ ನೋಡಿ ಪಿನ್ ಒತ್ತಿದೆ. ಅದೇ ಮುಂದಿನ ತಿಂಗಳುಗಳ ಕಡಿತಕ್ಕೂ ಅಪ್ಪಣೆಯಾಯಿತೆಂದು ತಿಳಿದದ್ದು ಪರೀಕ್ಷಾ ಶುಲ್ಕ ಕಟ್ಟುವ ದಿನ. ವಿದ್ಯಾರ್ಥಿವೇತನದ ಖಾತೆಯಿಂದ ೧೯೯ ರೂಪಾಯಿಯಂತೆ ಮೂರು ಸಲ, ಒಟ್ಟು ೫೯೭ ರೂಪಾಯಿ ಹೋಗಿತ್ತು. ಡೇರಿಗೆ ಹಾಲು ಹಾಕಿ ಬಂದ ದುಡ್ಡಿನಿಂದ ಅಮ್ಮ ಕೊರತೆ ತುಂಬಿದಳು. “ಬಿಟ್ಟಿ ಅಂದಮೇಲೆ ದುಡ್ಡು ಹ್ಯಾಗೆ ಹೋಯ್ತೋ ಮಗಾ?” ಎಂದಳು. ಅರ್ಥಶಾಸ್ತ್ರದ ವಿದ್ಯಾರ್ಥಿಯಲ್ಲಿ ಉತ್ತರವಿರಲಿಲ್ಲ.

ತಪ್ಪಿನಲ್ಲಿ ನನ್ನ ಪಾಲೂ ಉಂಟು. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಡಿತಕ್ಕೆ ೨೪ ಗಂಟೆ ಮೊದಲು ಸೂಚನೆ ಬರಬೇಕು, ಬಂದಿತ್ತು. ಜಾಹೀರಾತುಗಳ ರಾಶಿಯಲ್ಲಿ ಆ ಇಂಗ್ಲಿಷ್ ಸಂದೇಶವನ್ನು ನಾನು ಓದಲಿಲ್ಲ. ಆದರೆ ಗಿರಾಕಿಯ ಮರೆವನ್ನೇ ಬಂಡವಾಳ ಮಾಡಿಕೊಳ್ಳುವುದನ್ನು ವ್ಯಾಪಾರವೆನ್ನಬಹುದೆ?

ನಮ್ಮ ತಾತ ಮಾಸಪತ್ರಿಕೆಯೊಂದಕ್ಕೆ ಚಂದಾ ಕಟ್ಟುತ್ತಿದ್ದರು. ವರ್ಷ ತುಂಬಿದಾಗ ‘ತಮ್ಮ ಚಂದಾ ಮುಗಿಯಿತು’ ಎಂದು ಕಾರ್ಡು ಬರುತ್ತಿತ್ತು. ತಾತ ಸುಮ್ಮನಿದ್ದರೆ ಪತ್ರಿಕೆ ನಿಲ್ಲುತ್ತಿತ್ತು. ಇಂದು ನಾವು ಸುಮ್ಮನಿದ್ದರೆ ಚಂದಾ ಮುಂದುವರಿಯುತ್ತದೆ. ಸೇರಲು ಒಂದು ಒತ್ತು ಸಾಕು. ಬಿಡಲು ಪುಟದ ಮೇಲೆ ಪುಟ ದಾಟಬೇಕು.

ಕಾನೂನಿಲ್ಲವೆಂದಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೩ರ ನವೆಂಬರ್ ೩೦ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂಥ ೧೩ ಬಗೆಯ ಕಪಟಗಳನ್ನು ಹೆಸರಿಸಿದೆ. ಕೇಳದುದನ್ನು ಬುಟ್ಟಿಗೆ ಸೇರಿಸುವುದು, ಚಂದಾ ರದ್ದತಿಯ ದಾರಿಯನ್ನು ಮುಚ್ಚಿಡುವುದು, ಉಚಿತ ಚಂದಾಕ್ಕೂ ಹಣ ಕಡಿತದ ಅಪ್ಪಣೆಯನ್ನು ಒತ್ತಾಯಿಸುವುದು, ಮೂರೂ ಅದರಲ್ಲಿವೆ. ಮಿತ್ರರು ತಮ್ಮ ಯುಪಿಐ ಆ್ಯಪಿನಲ್ಲಿ ‘ಆಟೋಪೇ’ ಪಟ್ಟಿಯನ್ನು ಇಂದೇ ತೆರೆದು ನೋಡಲಿ. ಬೇಡವಾದುದನ್ನು ಅಲ್ಲಿಯೇ ರದ್ದುಮಾಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫ಕ್ಕೆ ದೂರನ್ನೂ ಕೊಡಬಹುದು.

ಇಷ್ಟೇ ಸಾಲದು. ಉಚಿತ ಅವಧಿ ಮುಗಿದೊಡನೆ ಚಂದಾ ತಾನಾಗಿಯೇ ನಿಲ್ಲಬೇಕು. ಬೇಕಾದವನು ಮತ್ತೊಮ್ಮೆ ಬಾಯಿಬಿಟ್ಟು ಕೇಳಲಿ. ಹಣದ ವಿಷಯದಲ್ಲಿ ಮೌನಕ್ಕೆ ‘ಬೇಡ’ವೆಂಬುದೇ ಅರ್ಥವಾಗಬೇಕೆಂದು ನನ್ನ ನಮ್ರ ಅಭಿಪ್ರಾಯ.