ಮುಗಿಲಿನ ಲೆಕ್ಕವೂ ಸ್ವಾವಲಂಬನೆಯೂ

ಗಾಳಿ ನೀರುಗಳ ಹರಿವನ್ನು ಗಣಿತದಿಂದ ಅಳೆಯುವ ವಿದ್ಯೆಯು ಕೇವಲ ಪಂಡಿತರಿಗೆ ಸೇರಿದುದೆಂದು ಭಾವಿಸುವವರು ನಮ್ಮಲ್ಲಿ ಅನೇಕರಿರುವರು. ಆದರೆ ವಿಮಾನದ ರೆಕ್ಕೆಯ ಆಕಾರವೂ ಮಳೆಯ ಮುನ್ಸೂಚನೆಯೂ ಈ ವಿದ್ಯೆಯನ್ನೇ ಅವಲಂಬಿಸಿವೆ. ಹರಿವಿನ ಸಮೀಕರಣಗಳನ್ನು ನೇವಿಯೆ ಮತ್ತು ಸ್ಟೋಕ್ಸ್ ಎಂಬ ವಿದ್ವಾಂಸರು 19ನೆಯ ಶತಮಾನದಲ್ಲಿಯೇ ಬರೆದಿಟ್ಟರು. ಪ್ರಕ್ಷುಬ್ಧವಾದ ಹರಿವಿಗೆ ಅವುಗಳನ್ನು ಕೈಲೆಕ್ಕದಿಂದ ಬಿಡಿಸುವುದು ಅಸಾಧ್ಯ. ಆದುದರಿಂದ ಆಕಾಶವನ್ನು ಚೌಕಗಳಾಗಿ ವಿಭಾಗಿಸಿ, ಒಂದೊಂದರಲ್ಲಿಯೂ ವೇಗ, ಒತ್ತಡ, ಉಷ್ಣತೆಗಳನ್ನು ಗಣಕಯಂತ್ರದಿಂದ ಎಣಿಸಬೇಕಾಗುವುದು.

ಈ ಕಾರ್ಯದಲ್ಲಿ ಬೆಂಗಳೂರು ಹಿಂದೆ ಬಿದ್ದಿರಲಿಲ್ಲವೆಂಬುದು ನಮಗೆ ಅಭಿಮಾನದ ಸಂಗತಿ. 1980ರ ದಶಕದಲ್ಲಿ ಹವಾಮುನ್ಸೂಚನೆಗಾಗಿ ಭಾರತವು ಅಮೆರಿಕದಿಂದ ಕ್ರೇ ಯಂತ್ರವನ್ನು ಬೇಡಿತು. ದೀರ್ಘ ಸಂಧಾನದ ತರುವಾಯ ದೊರೆತುದು ಕೇಳಿದುದಕ್ಕಿಂತ ಕಡಿಮೆ ಶಕ್ತಿಯ ಯಂತ್ರ, ಅದೂ ಕಟ್ಟಳೆಗಳೊಡನೆ. ಅದೇ ಕಾಲದಲ್ಲಿ, 1986ರಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ, ಯು. ಎನ್. ಸಿನ್ಹಾ ಮತ್ತು ಸಂಗಡಿಗರು ಅಂಗಡಿಯಲ್ಲಿ ದೊರೆಯುವ ಸಣ್ಣ ಸಂಸ್ಕಾರಕಗಳನ್ನು ಜೊತೆಗೂಡಿಸಿ 'ಫ್ಲೋಸಾಲ್ವರ್' ಎಂಬ ಸಮಾಂತರ ಗಣಕವನ್ನು ನಿರ್ಮಿಸಿದರು. ಒಂದೇ ಲೆಕ್ಕವನ್ನು ಹಂಚಿಕೊಂಡು ಏಕಕಾಲದಲ್ಲಿ ಮಾಡುವುದೇ ಅದರ ಮರ್ಮ. ಮುಂದೆ ಆ ಬಳಗವೇ 'ವರ್ಷ' ಎಂಬ ಮುನ್ಸೂಚನಾ ಗಣಿತವನ್ನೂ ಸಿದ್ಧಪಡಿಸಿತು.

ಪರದೇಶಗಳಲ್ಲಿ ಇದಕ್ಕಿಂತ ಪ್ರಬಲವಾದ ಯಂತ್ರಗಳು ದೊರೆಯುವಾಗ ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳಬಹುದು. ಕೊಳ್ಳುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಕೊಂಡ ಯಂತ್ರವು ಕೆಲವೇ ವರ್ಷಗಳಲ್ಲಿ ಹಳತಾಗುವುದು. ಕಟ್ಟಿ ಕಲಿತ ಜನರ ತಿಳಿವಳಿಕೆ ಹಳತಾಗದು.

ಮುಗಿಲಿನ ವಿಷಯವೇ ಇದಕ್ಕೆ ನಿದರ್ಶನ. 2024ರ ಸೆಪ್ಟೆಂಬರಿನಲ್ಲಿ ಪುಣೆ ಮತ್ತು ನೋಯ್ಡಾಗಳಲ್ಲಿ ಸುಮಾರು 850 ಕೋಟಿ ರೂಪಾಯಿಗಳ ಗಣಕಯಂತ್ರಗಳು ಹವಾಮಾನಕ್ಕೆಂದು ಉದ್ಘಾಟಿತವಾದವು. 2025ರ ಮೇ ತಿಂಗಳಿನಿಂದ ಮುನ್ಸೂಚನೆಯ ಚೌಕವು 6 ಕಿಲೋಮೀಟರಿಗೆ ಇಳಿದಿದೆ. ಇದು ಶ್ಲಾಘ್ಯವೇ ಸರಿ. ಆದರೂ ಒಂದೆರಡು ಕಿಲೋಮೀಟರು ಅಗಲದ ಮುಗಿಲು ಆ ಬಲೆಯ ಕಣ್ಣಿನಿಂದ ನುಸುಳಿ ಹೋಗುವುದು. ಅದರ ನಡತೆಯನ್ನು ಮನುಷ್ಯನೇ ಅರಿತು ಲೆಕ್ಕಕ್ಕೆ ಸೇರಿಸಬೇಕು. ನರಸಿಂಹ ಅವರು ತಮ್ಮ ಇಳಿವಯಸ್ಸಿನಲ್ಲಿ ಕೈಗೊಂಡುದು ಈ ಕಾರ್ಯವನ್ನೇ. ನೀರಿನ ತೊಟ್ಟಿಯಲ್ಲಿ ಏರುವ ಹರಿವಿಗೆ ವಿದ್ಯುತ್ತಿನಿಂದ ನಡುವೆಯೇ ಶಾಖವನ್ನಿತ್ತು, ಆವಿಯು ಹನಿಯಾಗುವಾಗ ಹೊರಬೀಳುವ ಶಾಖವೇ ಮುಗಿಲಿನ ಬೆಳವಣಿಗೆಯನ್ನು ನಡೆಸುವುದೆಂದು ಅವರೂ ಸಹೋದ್ಯೋಗಿಗಳೂ 2011ರಲ್ಲಿ ತೋರಿಸಿಕೊಟ್ಟರು. 2020ರ ಡಿಸೆಂಬರಿನಲ್ಲಿ ಅವರು ಕಾಲವಾದರು.

ಬಿತ್ತನೆಯ ದಿನವನ್ನು ಮಳೆಯ ಮಾತಿನ ಮೇಲೆ ನಿಶ್ಚಯಿಸುವ ರೈತನಿಗೆ ಯಂತ್ರದ ವೇಗದಿಂದ ಪ್ರಯೋಜನವಿಲ್ಲ; ಉತ್ತರದ ಸತ್ಯತೆಯಿಂದ ಪ್ರಯೋಜನವುಂಟು. ಯಂತ್ರಗಳಿಗೆ ಕೋಟಿಗಟ್ಟಲೆ ಸುರಿಯುವ ಸರಕಾರವು ಅದರಲ್ಲೊಂದು ಪಾಲನ್ನು ಹರಿವಿನ ಶಾಸ್ತ್ರವನ್ನು ಬೋಧಿಸುವ ವಿದ್ಯಾಲಯಗಳಿಗೂ, ಸ್ವಂತ ಗಣಿತವನ್ನು ಬರೆಯುವ ತರುಣರಿಗೂ ಮೀಸಲಿಡಲಿ. ನಮ್ಮ ಮಳೆಯ ಲೆಕ್ಕವನ್ನು ನಾವು ಮಾಡದಿದ್ದರೆ ನಮಗಾಗಿ ಮತ್ತಾರು ಮಾಡುವರು?